ಒಂಟಿತನಕ್ಕೆ ವಾರಕ್ಕೊಂದು ಸಂಜೆಯ ಮದ್ದು

ಸೂಟ್‌ಕೇಸು, ಬಕೆಟ್ಟು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬ ಹಿಡಿದು ವಿಶ್ವವಿದ್ಯಾನಿಲಯದ ಹಾಸ್ಟೆಲಿಗೆ ಬಂದಿಳಿದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಮೊದಲ ವಾರ ಫೀಸು, ಫಾರಂ, ಕೊಠಡಿ ಎಂದು ಗಡಿಬಿಡಿಯಲ್ಲೇ ಕಳೆಯುತ್ತದೆ. ಎರಡನೆಯ ವಾರದಿಂದ ಸಂಜೆಗಳು ಭಾರವಾಗತೊಡಗುತ್ತವೆ. ತರಗತಿಯಲ್ಲಿ ಐವತ್ತು ಮಂದಿ, ಮೆಸ್ಸಿನಲ್ಲಿ ಇನ್ನೂರು ಮಂದಿ. ಆದರೂ ತಟ್ಟೆ ಹಿಡಿದು ನಿಂತಾಗ ಯಾರ ಪಕ್ಕ ಕೂರಲಿ ಎಂಬ ಅಳುಕು. ಕೊಠಡಿಗೆ ಬಂದು ಮೊಬೈಲ್ ಹಿಡಿದು ಮಲಗಿದರೆ ಮಧ್ಯರಾತ್ರಿಯಾದರೂ ನಿದ್ರೆಯಿಲ್ಲ. ಮನೆಯಿಂದ ಫೋನ್ ಬಂದರೆ, ‘ಎಲ್ಲ ಚೆನ್ನಾಗಿದೆಯಮ್ಮಾ’ ಎನ್ನುತ್ತಾನೆ.

ಈ ಹುಡುಗ ನಿಮ್ಮ ಮಗನಿರಬಹುದು. ಇಂಥದೇ ಸ್ಥಿತಿಯಲ್ಲಿ ನಿಮ್ಮ ಮಗಳಿರಬಹುದು. ವಿದ್ಯಾರ್ಥಿಯಾದರೆ ನೀವೇ ಇರಬಹುದು. ನಾಚಿಕೆಪಡಬೇಕಾದ್ದು ಇದರಲ್ಲಿ ಏನೂ ಇಲ್ಲ. ಹೊಸ ಊರಿಗೆ ಹೋದವರಿಗೆ ಹೀಗಾಗುವುದು ಸಹಜ. ಆದರೆ ತಿಂಗಳುಗಟ್ಟಲೆ ಇದೇ ಮುಂದುವರಿದರೆ ನಿದ್ರೆ, ಹಸಿವು, ಓದು ಎಲ್ಲದರ ಮೇಲೂ ಪರಿಣಾಮವಾಗುತ್ತದೆ.

ಇದೂ ಆರೋಗ್ಯದ ಪ್ರಶ್ನೆಯೇ

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ. ಇದು ವಯಸ್ಸಾದವರ ಸಮಸ್ಯೆ ಎಂದೇ ನಾವು ತಿಳಿದಿದ್ದೇವೆ. ಆದರೆ 13ರಿಂದ 29 ವರ್ಷದವರಲ್ಲಿ ಶೇ. 17ರಿಂದ 21ರಷ್ಟು ಮಂದಿ ತಮಗೆ ಒಂಟಿತನ ಕಾಡುತ್ತಿದೆ ಎಂದಿದ್ದಾರೆ. ಒಟ್ಟು 148 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಅಮೆರಿಕದ ಸಂಶೋಧಕರು ಪರಿಶೀಲಿಸಿದಾಗ, ಗಟ್ಟಿಯಾದ ಸ್ನೇಹ ಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಇತರರಿಗಿಂತ ಶೇ. 50ರಷ್ಟು ಹೆಚ್ಚು ಎಂದು ಕಂಡುಬಂದಿತು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಇದಕ್ಕೆಲ್ಲ ಒಂಟಿತನವೇ ಕಾರಣ ಎನ್ನಲಾಗದು. ಆದರೆ ಕಷ್ಟ ಬಂದಾಗ ‘ಯಾಕೋ ಸಪ್ಪಗಿದ್ದೀಯ?’ ಎಂದು ಕೇಳುವ ಒಬ್ಬ ಗೆಳೆಯ ಪಕ್ಕದಲ್ಲಿರುವುದು ಸಣ್ಣ ಸಂಗತಿಯಲ್ಲ.

ಸ್ನೇಹಕ್ಕೆ ಎಷ್ಟು ಗಂಟೆ ಬೇಕು?

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾನಿಲಯದ ಅಧ್ಯಯನವೊಂದು 2018ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿತು. ಬರೀ ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ, ಒಳ್ಳೆಯ ಸ್ನೇಹವಾಗಲು 90 ಗಂಟೆ, ಆಪ್ತ ಸ್ನೇಹವಾಗಲು 200ಕ್ಕೂ ಹೆಚ್ಚು ಗಂಟೆ ಜತೆಯಲ್ಲಿ ಕಳೆಯಬೇಕಂತೆ. ಒಟ್ಟಿಗೆ ಕೆಲಸ ಮಾಡಿದ ಸಮಯಕ್ಕಿಂತ ಬಿಡುವಿನಲ್ಲಿ ಒಟ್ಟಿಗೆ ಕಳೆದ ಸಮಯಕ್ಕೆ ಇಲ್ಲಿ ಹೆಚ್ಚು ಬೆಲೆ.

ಅಂದರೆ ಮೂರು ವಾರವಾದರೂ ಗೆಳೆಯರಾಗಲಿಲ್ಲವೆಂದು ಕೊರಗುವ ವಿದ್ಯಾರ್ಥಿಯಲ್ಲಿ ಯಾವ ದೋಷವೂ ಇಲ್ಲ. ಗಂಟೆಗಳು ಇನ್ನೂ ತುಂಬಿಲ್ಲ, ಅಷ್ಟೆ. ರಾಷ್ಟ್ರೀಯ ಸೇವಾ ಯೋಜನೆಯನ್ನೇ ನೋಡಿ. 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಜತೆಗೆ ಏಳು ದಿನಗಳ ಶಿಬಿರ. ರಸ್ತೆ ಗುಡಿಸಿ, ಗಿಡ ನೆಟ್ಟು, ಶಾಲೆಯ ಜಗಲಿಯಲ್ಲಿ ಸಾಲಾಗಿ ಮಲಗೆದ್ದು ಬಂದವರು ಇಪ್ಪತ್ತು ವರ್ಷದ ನಂತರವೂ ಆ ಶಿಬಿರದ ಗೆಳೆಯರನ್ನು ನೆನೆಯುವುದೇಕೆಂಬುದು ಈಗ ಅರ್ಥವಾದೀತು.

ಮಾತು ಬಾರದವರಿಗೆ ಕೈಗೆ ಕೆಲಸ

‘ನನಗೆ ಮಾತಾಡಲು ಬರುವುದಿಲ್ಲ, ಗುಂಪೆಂದರೆ ಭಯ’ ಎನ್ನುವವರು ಬಹಳ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಮಾತಿನ ಅಳುಕು ಬೇರೆ. ಇಂಥವರನ್ನು ಸುತ್ತ ಕೂರಿಸಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಮರುವಾರ ಬರುವುದೇ ಇಲ್ಲ. ಅವರ ಕೈಗೆ ಒಂದು ಕೆಲಸ ಕೊಡಿ, ಮಾತು ತಾನಾಗಿ ಬರುತ್ತದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಂಶೋಧಕರು ವಯಸ್ಕರ ಹಾಡಿನ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳೊಡನೆ ಏಳು ತಿಂಗಳು ಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹಾಡಿದವರು ಬೇಗನೆ ಪರಸ್ಪರ ಹತ್ತಿರವಾಗಿದ್ದರು. ಆದರೆ ಏಳು ತಿಂಗಳ ಕೊನೆಗೆ ಎಲ್ಲ ಗುಂಪುಗಳಲ್ಲೂ ಆತ್ಮೀಯತೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು. ನೀವು ಹಾಡುತ್ತೀರೋ ಬುಟ್ಟಿ ಹೆಣೆಯುತ್ತೀರೋ ಎಂಬುದಕ್ಕಿಂತ ತಪ್ಪದೆ ಸೇರುವುದು ಮುಖ್ಯ.

ಇನ್ನೊಂದು ಮಾತು. ಹೊಸಬರೊಡನೆ ಮಾತಾಡಿ ಬಂದ ಮೇಲೆ ‘ಅವರಿಗೆ ನಾನು ಹಿಡಿಸಲಿಲ್ಲ’ ಎಂದು ನಿಮಗನ್ನಿಸುತ್ತದೆಯೇ? ಜನ ತಮ್ಮನ್ನು ಎಷ್ಟು ಮೆಚ್ಚುತ್ತಾರೆಂಬುದನ್ನು ನಾವು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜು ಮಾಡುತ್ತೇವೆಂದು 2018ರ ಮತ್ತೊಂದು ಅಧ್ಯಯನ ತೋರಿಸಿದೆ. ಆ ಅಳುಕನ್ನು ನಂಬಬೇಡಿ. ಮರುವಾರವೂ ಹೋಗಿ.

ಖರ್ಚಿಲ್ಲದ ಚಟುವಟಿಕೆಗಳು

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆಯಿದೆ. ಈ ಆವರಣಕ್ಕೆ ಹೆಸರಿಟ್ಟ ಕುವೆಂಪು ಅವರಿಗೆ ಕೆರೆಯ ದಂಡೆಯ ತಿರುಗಾಟ ಪ್ರಿಯವಾಗಿತ್ತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗೆಳೆಯರೊಡನೆ ಮೂರು ದಿನ 50 ನಿಮಿಷ ಬಿರುಸಾಗಿ ನಡೆದರೆ ಅದೂ ಆಯಿತು, ಇದೂ ಆಯಿತು. ಕೆರೆಯ ಹೆಜ್ಜಾರ್ಲೆಗಳನ್ನು ಎಣಿಸುತ್ತ ಕುಳಿತರೂ ಒಂದು ಚಟುವಟಿಕೆಯೇ.

ಕೆರೆಯಿಲ್ಲದ ಕಡೆ ಹಾಸ್ಟೆಲಿನ ಅಂಗಳವಿದೆ. ಲಗೋರಿ, ಖೋ ಖೋ, ಕೇರಂ, ಚದುರಂಗ, ಗುಂಪು ಗಾಯನ, ಒಬ್ಬರು ಕತೆ ಓದಿ ಉಳಿದವರು ಕೇಳುವುದು, ಗಿಡಗಳಿಗೆ ನೀರು ಹಾಕುವುದು ಇವಕ್ಕೆಲ್ಲ ಶುಲ್ಕ ಬೇಕಿಲ್ಲ. ದುಡ್ಡು ಕೇಳಿದ ಕೂಡಲೇ ಮೊದಲು ಹಿಂದೆ ಸರಿಯುವವನು ಬಡ ವಿದ್ಯಾರ್ಥಿಯೇ. ಆದ್ದರಿಂದ ಚಟುವಟಿಕೆ ಉಚಿತವಾಗಿರಲೇಬೇಕು.

ಗುಂಪು ನಡೆಸುವವರು ಗಮನಿಸಿ

1. ದಿನ, ಹೊತ್ತು, ಜಾಗ ಬದಲಾಗಕೂಡದು. ನಾಲ್ಕೇ ಜನ ಬಂದರೂ ನಿಲ್ಲಿಸಬೇಡಿ.

2. ಆಯ್ಕೆ, ಸ್ಪರ್ಧೆ, ಬಹುಮಾನ ಬೇಡ. ಯುವಜನೋತ್ಸವದಲ್ಲಿ ಚೆನ್ನಾಗಿ ಹಾಡುವವರಿಗೆ ಜಾಗವಿದೆ. ಇಲ್ಲಿ ಶ್ರುತಿ ತಪ್ಪುವವರಿಗೂ ಜಾಗವಿರಲಿ.

3. ಹೊಸಬರು ಬಂದಾಗ ಹೆಸರು ಕೇಳಿ ಪಕ್ಕದಲ್ಲಿ ಕೂರಿಸಿಕೊಳ್ಳುವ ಹೊಣೆ ಒಬ್ಬರಿಗಿರಲಿ. ಎರಡು ವಾರ ಬಾರದವರನ್ನು ಹೋಗಿ ವಿಚಾರಿಸಿ.

4. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಮುಚ್ಚುವ ಮೊದಲೇ ಮುಗಿಸಿ. ಬಸ್ಸಿನಲ್ಲಿ ಊರಿಂದ ಓಡಾಡುವವರಿಗಾಗಿ ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ಇನ್ನೊಂದು ಗುಂಪು ಮಾಡಿ.

5. ಒಂದೇ ಊರು, ಒಂದೇ ಜಾತಿ, ಒಂದೇ ಭಾಷೆಯವರ ಕೂಟವಾಗಲು ಬಿಡಬೇಡಿ.

ಗುಂಪು ಸಾಲದಾದಾಗ

ಗುಂಪು ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ರೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಆ ವ್ಯಕ್ತಿಯನ್ನು ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ತಂದೆತಾಯಿಗಳೇ, ಮುಂದಿನ ಸಲ ಫೋನ್ ಮಾಡಿದಾಗ ಅಂಕಗಳ ಜತೆಗೆ ‘ಸಂಜೆ ಯಾರ ಜತೆ ಇದ್ದೆ?’ ಎಂದೂ ಕೇಳಿ. ವಿದ್ಯಾರ್ಥಿಗಳೇ, ಹನಿ ಹನಿ ಕೂಡಿದರೆ ಹಳ್ಳ. ಸ್ನೇಹದ ಗಂಟೆಗಳೂ ಹಾಗೆಯೇ ಕೂಡುತ್ತವೆ. ಇಂದು ಸಂಜೆ ವಾಕಿಂಗ್ ಹೊರಡುವ ಮುನ್ನ ಪಕ್ಕದ ಕೊಠಡಿಯ ಬಾಗಿಲು ತಟ್ಟಿ, ‘ಬರ್ತೀಯೇನೋ?’ ಎಂದು ಕೇಳಿ. ಒಳಗಿರುವವನು ಅದನ್ನೇ ಕಾಯುತ್ತಿರಬಹುದು.