ಹೈನುಗಾರಿಕೆಗೆ ಎಷ್ಟು ವಾಟ್ಸಾಪ್ ಗ್ರೂಪು ಬೇಕು?

ಡೇರಿ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪು, ಹಸು ಮಾರಾಟದ ಫೇಸ್‌ಬುಕ್ ಪುಟ, ಅದರ ಮೇಲೆ ಯೂಟ್ಯೂಬ್. ಎರಡು ಹೊತ್ತು ಹಾಲು ಕರೆಯುವ ನಿಮಗೆ ಇಷ್ಟೆಲ್ಲ ನೋಡಲು ಬಿಡುವೆಲ್ಲಿ? ನನ್ನನ್ನು ಕೇಳಿದರೆ, ಹೈನುಗಾರಿಕೆಗೆ ನಿಮ್ಮ ಡೇರಿಯ ಗ್ರೂಪು ಒಂದೇ ಸಾಕು. ಲಸಿಕೆ ಹಾಕುವ ದಿನ, ಪಶು ಆಹಾರ ಬಂದ ಸುದ್ದಿ ಅಲ್ಲೇ ತಿಳಿಯುತ್ತದೆ. ಉಳಿದವನ್ನು ಮ್ಯೂಟ್ ಮಾಡಿ. ಯೂಟ್ಯೂಬ್ ರಸಮೇವು, ಅಜೋಲಾ ಕಲಿಯಲು ಒಳ್ಳೆಯದು, ಚಿಕಿತ್ಸೆಗಲ್ಲ.

ಕರು ಹಾಕಿದ ಒಂದೆರಡು ದಿನದಲ್ಲಿ ಹಸು ಏಳಲಾರದೆ, ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗಿ, ಕಿವಿ ತಣ್ಣಗಾಗಿದ್ದರೆ ಅದು ಹೆಚ್ಚಾಗಿ ಹಾಲುಜ್ವರ. ಹೆಸರಿಗಷ್ಟೇ ಜ್ವರ, ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಆಗ ಫೋಟೋ ತೆಗೆದು ನಾಲ್ಕು ಗ್ರೂಪಿಗೆ ಹಾಕಿ ಉತ್ತರಕ್ಕೆ ಕಾಯಬೇಡಿ. ಒಬ್ಬರು ಎಣ್ಣೆ ಕುಡಿಸಿ ಅನ್ನುತ್ತಾರೆ, ಇನ್ನೊಬ್ಬರು ಬೆಲ್ಲದ ನೀರು. ಈ ಸ್ಥಿತಿಯಲ್ಲಿ ಹಸುವಿಗೆ ಸರಿಯಾಗಿ ನುಂಗಲಾಗದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ತಕ್ಷಣ ನಿಮ್ಮ ಪಶುವೈದ್ಯರಿಗೆ, ಅವರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ. ವೈದ್ಯರು ಬರುವವರೆಗೆ ಹಸು ಪಕ್ಕಕ್ಕೆ ಉರುಳದಂತೆ ಹುಲ್ಲಿನ ಮೂಟೆ ಒತ್ತು ಕೊಟ್ಟು ಕೂರಿಸಿ. ಹೊತ್ತಿಗೆ ಸರಿಯಾಗಿ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಅದೇ ದಿನ ಎದ್ದು ನಿಲ್ಲುತ್ತವೆ.

ಫೇಸ್‌ಬುಕ್ಕಿನಲ್ಲಿ ಹಸು ನೋಡುವವರಿಗೆ ಒಂದು ಮಾತು: ಅವರ ಕೊಟ್ಟಿಗೆಗೇ ಹೋಗಿ, ಎರಡು ಹೊತ್ತು ಕರೆದು ನೋಡುವ ತನಕ ಮುಂಗಡ ಹಾಕಬೇಡಿ.