ಕೊಟ್ಟಿಗೆಗೆ ಕರೆಂಟ್ ಕೆಲಸ: ರೇಟು ಕೇಳೋ ಮುಂಚೆ ಪಟ್ಟಿ ಬರೀರಿ

ಹೋದ ಮಳೆಗಾಲದ ಒಂದು ಸಂಜೆ. ಅಮ್ಮ ಹಾಲು ಕರೆಯೋ ಮೆಷಿನ್ನಿನ ಸ್ವಿಚ್ ಹಾಕಿ ಅದರ ಕಬ್ಬಿಣದ ಚೌಕಟ್ಟಿಗೆ ಕೈ ಇಟ್ಟಳು. ಜುಂ ಅಂತ ಹೊಡೀತು. ಕಿರುಚಿ ಹಿಂದಕ್ಕೆ ಬಿದ್ದಳು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದಕ್ಕೇ ಇರಬೇಕು, ದೊಡ್ಡದೇನೂ ಆಗಲಿಲ್ಲ.

ಅದಕ್ಕೂ ಹತ್ತು ದಿನ ಮುಂಚಿನಿಂದ ನಮ್ಮ ಕೆಂಪು ಹಸು ಮೆಷಿನ್ ಹತ್ತಿರ ತಂದರೆ ಸಾಕು, ಕಾಲು ಝಾಡಿಸ್ತಿತ್ತು. ಕೆಚ್ಚಲು ನೋವಿರಬೇಕು ಅಂತ ಡಾಕ್ಟರಿಗೂ ತೋರಿಸಿದ್ವಿ. ಕೆಚ್ಚಲಲ್ಲಿ ಏನೂ ಇರಲಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲೋ ಹಸುವಿಗೆ, ಚಪ್ಪಲಿ ಹಾಕಿದ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟೂ ತಾಗುತ್ತೆ. ಅದು ಹತ್ತು ದಿನದಿಂದ ಹೇಳ್ತಾನೇ ಇತ್ತು, ನಮಗೆ ಅರ್ಥ ಆಗಲಿಲ್ಲ ಅಷ್ಟೇ.

ತಪ್ಪು ಎಲ್ಲಾಗಿತ್ತು?

ಎರಡು ವರ್ಷದ ಹಿಂದೆ ಮನೆಯಿಂದ ಕೊಟ್ಟಿಗೆಗೆ ಲೈನ್ ಎಳೆಸಿದ್ವಿ. ಇಬ್ಬರನ್ನ ಕೇಳಿ, ಕಮ್ಮಿ ಹೇಳಿದವರಿಗೆ ಕೆಲಸ ಕೊಟ್ವಿ. ಏನೇನು ಹಾಕ್ತೀರಿ ಅಂತ ಕೇಳಲೇ ಇಲ್ಲ. ಶಾಕ್ ಹೊಡೆದ ಮೇಲೆ ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿ ನೋಡಿದರೆ, ಮೂರು ಪಿನ್ನಿನ ಸಾಕೆಟ್ಟಲ್ಲಿ ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ! ಬಂದಿದ್ದು ಎರಡೇ ವೈರು. ಅರ್ಥಿಂಗ್ ಅನ್ನೋದು ಹೆಸರಿಗೂ ಇರಲಿಲ್ಲ. ಮೆಷಿನ್ನಿನ ಒಳಗೆ ಒಂದು ವೈರ್ ಸವೆದು ಚೌಕಟ್ಟಿಗೆ ತಾಗಿತ್ತು. ಆ ಕರೆಂಟಿಗೆ ಭೂಮಿಗೆ ಹೋಗೋ ದಾರಿ ಇಲ್ಲದೆ, ಅಮ್ಮನ ಕೈಯಲ್ಲಿ ದಾರಿ ಹುಡುಕಿತು.

ಕೆಲಸ ಮಾಡಿದವರನ್ನ ಕೇಳಿದ್ದಕ್ಕೆ, "ನೀವು ಅರ್ಥಿಂಗ್ ಹೇಳಲಿಲ್ವಲ್ಲ ಅಣ್ಣ, ಹೇಳಿದ್ರೆ ಅದಕ್ಕೆ ಬೇರೆ ರೇಟು" ಅಂದರು. ಕೋಪ ಬಂತು. ಆದರೆ ನಾವು ಹೇಳಿರಲಿಲ್ಲ ಅನ್ನೋದೂ ನಿಜ.

ಮೂರು ಜನ, ಮೂರು ರೇಟು

ಈ ಸಲ ಎಲ್ಲ ಹೊಸದಾಗಿ ಮಾಡಿಸೋಣ ಅಂತ ಮೂರು ಜನಕ್ಕೆ ಫೋನ್ ಮಾಡಿದೆ. "ಕೊಟ್ಟಿಗೆಗೆ ವೈರಿಂಗ್ ಮಾಡಬೇಕು, ಎಷ್ಟಾಗುತ್ತೆ?" ಅಂತ ಕೇಳಿದೆ. ಒಬ್ಬರು 7,000 ಅಂದರು, ಇನ್ನೊಬ್ಬರು 12,500, ಮೂರನೆಯವರು 18,000. ಒಂದೇ ಕೆಲಸಕ್ಕೆ 11,000 ರೂಪಾಯಿ ವ್ಯತ್ಯಾಸ! ಯಾರು ಮೋಸ ಮಾಡ್ತಿದ್ದಾರೆ ಅಂತ ತಲೆ ಕೆಟ್ಟೋಯ್ತು.

ಅಸಲಿಗೆ ಯಾರೂ ಮೋಸ ಮಾಡಿರಲಿಲ್ಲ. ಮೂವರ ತಲೇಲೂ ಬೇರೆ ಬೇರೆ ಕೆಲಸ ಇತ್ತು. 7,000 ಹೇಳಿದವರು ಮತ್ತೆ ಎರಡು ವೈರಿನ ಲೆಕ್ಕವೇ ಹಾಕಿದ್ದರು. 18,000 ಹೇಳಿದವರು ಮನೆಯ ಮೀಟರ್ ಬೋರ್ಡನ್ನೂ ಬದಲಾಯಿಸಬೇಕು ಅಂದ್ಕೊಂಡಿದ್ದರು, ಸಾಮಾನಿಗೆ ಎಂಆರ್‌ಪಿ ಲೆಕ್ಕ ಹಾಕಿದ್ದರು.

ಆಮೇಲೆ ಕೂತು ಒಂದು ಪಟ್ಟಿ ಬರೆದೆ. ಮೂವರಿಗೂ ಅದೇ ಪಟ್ಟಿಯನ್ನ ವಾಟ್ಸಾಪ್ ಮಾಡಿದೆ. ಈಗ ಬಂದ ರೇಟು: 13,800, 14,600, 15,500. ವ್ಯತ್ಯಾಸ 1,700ಕ್ಕೆ ಇಳೀತು. ಇದು ನಮ್ಮ ಊರಿನ ಲೆಕ್ಕ, ನಿಮ್ಮ ಕಡೆ ಬೇರೆ ಇರುತ್ತೆ. ಆದರೆ ಪಾಠ ಒಂದೇ: ಕೆಲಸ ಏನು ಅಂತ ಬರೆಯದೆ ರೇಟು ಕೇಳಿದರೆ, ಕಮ್ಮಿ ರೇಟು ಅಂದರೆ ಕಮ್ಮಿ ಕೆಲಸ ಅಂತಲೇ ಅರ್ಥ.

ಈ ಮೆಸೇಜ್ ಕಾಪಿ ಮಾಡಿಟ್ಕೊಳ್ಳಿ

ನಾನು ಕಳಿಸಿದ್ದು ಹೀಗಿತ್ತು. ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

"ನಮಸ್ಕಾರ ಅಣ್ಣ. ಕೊಟ್ಟಿಗೆಗೆ ಹೊಸ ವೈರಿಂಗ್ ಆಗಬೇಕು.
1. ಮನೆ ಮೀಟರ್ ಬೋರ್ಡಿಂದ ಕೊಟ್ಟಿಗೆಗೆ 30 ಮೀಟರ್. ಮೂರು ಕೋರ್ ತಾಮ್ರದ ಕೇಬಲ್, 4 ಸ್ಕ್ವೇರ್ ಎಂಎಂ, ಪೈಪಿನೊಳಗೆ.
2. ಲೈಟ್ ಪಾಯಿಂಟು 3, ಫ್ಯಾನ್ ಪಾಯಿಂಟು 1. ವೈರು 1.5 ಸ್ಕ್ವೇರ್ ಎಂಎಂ.
3. 16 ಆಂಪಿಯರ್ ಸಾಕೆಟ್ 1, ನೆಲದಿಂದ ಎತ್ತರದಲ್ಲಿ, ನೀರು ಸಿಡಿಯದ ಮುಚ್ಚಳ ಇರೋದು.
4. ಕೊಟ್ಟಿಗೇಲಿ ಸಣ್ಣ ಬಾಕ್ಸ್: ಆರ್‌ಸಿಸಿಬಿ 30 ಮಿಲಿ ಆಂಪಿಯರ್ 1, ಎಂಸಿಬಿ 2.
5. ಹೊಸ ಅರ್ಥಿಂಗ್ ಗುಂಡಿ 1.
ಕೂಲಿ ಎಷ್ಟು, ಸಾಮಾನು ಎಷ್ಟು, ಬೇರೆ ಬೇರೆ ಬರೆದು ಕಳಿಸಿ. ಸಾಮಾನಿನ ಕಂಪನಿ ಹೆಸರೂ ಬರೀರಿ. ಎಷ್ಟು ದಿನ ಆಗುತ್ತೆ?"

ಜೊತೆಗೆ ನಾಲ್ಕು ಫೋಟೋ ಹಾಕಿ: ಮೀಟರ್ ಬೋರ್ಡು, ಲೈನ್ ಹೋಗೋ ದಾರಿ, ಕೊಟ್ಟಿಗೆಯ ಒಳಗೆ, ಮೋಟರ್ ಮೇಲಿರೋ ತಗಡಿನ ಪಟ್ಟಿ. ಆ ಪಟ್ಟಿಯಲ್ಲಿ ಎಚ್‌ಪಿ, ಆಂಪಿಯರ್ ಬರೆದಿರುತ್ತೆ. ವೈರಿನ ದಪ್ಪ ಎಷ್ಟಿರಬೇಕು ಅನ್ನೋದು ಅದರ ಮೇಲೆ ನಿಂತಿದೆ. ದೂರವನ್ನ ಕಣ್ಣಳತೇಲಿ ಹೇಳಬೇಡಿ, ಟೇಪು ಹಿಡಿದು ಅಳೀರಿ.

ನಾವು ಕೆಲಸ ಕೊಟ್ಟಿದ್ದು 14,600 ಹೇಳಿದವರಿಗೆ. ಮೂವರಲ್ಲಿ ಅವರೊಬ್ಬರೇ ಸ್ಥಳಕ್ಕೆ ಬಂದು, "ಮುಂದೆ ಇನ್ಯಾವ ಮೆಷಿನ್ ತರ್ತೀರಿ?" ಅಂತ ಕೇಳಿದ್ದು. 2 ಎಚ್‌ಪಿ ಮೇವು ಕತ್ತರಿಸೋ ಮೆಷಿನ್ ತರೋ ಯೋಚನೆ ಇತ್ತು. ಅದೊಂದೇ ಹತ್ತಿರ ಹತ್ತಿರ 1.5 ಕಿಲೋವ್ಯಾಟ್ ಲೋಡು. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತೆ. ಹೊಸ ಮೆಷಿನ್‌ನಿಂದ ಅದು ಮೀರುತ್ತೆ ಅಂದ್ರೆ, ಮೊದಲು ಬೆಸ್ಕಾಂ, ಹೆಸ್ಕಾಂ, ನಿಮ್ಮ ಕಡೆ ಯಾವುದಿದೆಯೋ ಆ ಕಚೇರಿಗೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ.

ಯಾರನ್ನ ಕರೀಬೇಕು?

ಬಲ್ಬು, ಫ್ಯಾನು, ಸ್ವಿಚ್ಚು ಹಾಳಾಗಿ ಅದೇ ಜಾಗಕ್ಕೆ ಅಂಥದ್ದೇ ಹಾಕೋದಾದರೆ ಊರಿನ ಕೆಲಸ ಬಲ್ಲವರು ಸಾಕು. ಹೊಸ ಲೈನು, ಹೊಸ ಲೋಡು ಅಂದಾಗ ಲೈಸೆನ್ಸ್ ಇರೋ ಗುತ್ತಿಗೆದಾರರ ಮೂಲಕ ಮಾಡಿಸಬೇಕು ಅನ್ನೋದು ನಿಯಮ. ನಮ್ಮ ರಾಜ್ಯದಲ್ಲಿ ಗುತ್ತಿಗೆದಾರರ ಲೈಸೆನ್ಸು, ವೈರ್‌ಮನ್ ಪರ್ಮಿಟ್ಟು ಎರಡನ್ನೂ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. "ಅಣ್ಣ, ನಿಮ್ಮ ಪರ್ಮಿಟ್ ಒಂದು ಫೋಟೋ ಕಳಿಸ್ತೀರಾ?" ಅಂತ ಕೇಳೋಕೆ ಸಂಕೋಚ ಬೇಡ. ಇದ್ದವರು ಖುಷಿಯಾಗೇ ಕಳಿಸ್ತಾರೆ.

ಕಂಬದಿಂದ ಮೀಟರ್‌ವರೆಗಿನದ್ದು ವಿದ್ಯುತ್ ಕಂಪನಿಗೆ ಬಿಟ್ಟ ಕೆಲಸ. ಅಲ್ಲಿ ಕಿಡಿ ಬರ್ತಿದೆ, ವೈರ್ ಜೋತು ಬಿದ್ದಿದೆ ಅಂದ್ರೆ ಖಾಸಗಿಯವರಿಗೆ ದುಡ್ಡು ಕೊಟ್ಟು ಕಂಬ ಹತ್ತಿಸಬೇಡಿ, 1912ಕ್ಕೆ ಫೋನ್ ಮಾಡಿ. ಮೀಟರ್‌ನಿಂದ ಆಚೆಗಿನದ್ದು ನಮ್ಮ ಜವಾಬ್ದಾರಿ.

ಇನ್ನೊಂದು ಮಾತು. "ಪಂಪ್‌ಸೆಟ್ ಲೈನಿಂದ ಎಳೆದುಬಿಡೋಣ, ಬಿಲ್ಲೇ ಬರಲ್ಲ" ಅನ್ನೋರು ಸಿಗ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಕರೆಂಟ್ ಉಚಿತ ಕೊಡ್ತಿರೋದು ನೀರಾವರಿಗೆ ಮಾತ್ರ. ಮನೆಗೆ, ಕೊಟ್ಟಿಗೆಗೆ ಎಳೆದರೆ ಕೇಸು, ದಂಡ. ಆ ಉಳಿತಾಯ ನಮಗೆ ಬೇಡ.

ಸಾಮಾನು ಯಾರು ತರಬೇಕು?

ಆದಷ್ಟು ನೀವೇ ಅಂಗಡಿಗೆ ಹೋಗಿ. ವೈರ್‌ಮನ್ ಬರೆದುಕೊಟ್ಟ ಚೀಟಿಯನ್ನ ಎರಡು ಅಂಗಡೀಲಿ ತೋರಿಸಿ ರೇಟು ಕೇಳಿ. ಎಲೆಕ್ಟ್ರಿಕಲ್ ಸಾಮಾನಿಗೆ ಎಂಆರ್‌ಪಿ ಬೇರೆ, ಅಂಗಡಿಯವರು ಕೊಡೋ ರೇಟು ಬೇರೆ. ವೈರು, ಎಂಸಿಬಿಗೆ ಒಳ್ಳೇ ಡಿಸ್ಕೌಂಟ್ ಸಿಗುತ್ತೆ. ಜಿಎಸ್‌ಟಿ ಬಿಲ್ ತಗೊಳ್ಳಿ, ಗ್ಯಾರಂಟಿಗೆ ಅದೇ ಆಧಾರ.

ಹೋಗೋಕೆ ಪುರುಸೊತ್ತಿಲ್ಲ, ಅವರೇ ತರಲಿ ಅಂದ್ರೆ, ಬಿಲ್ ನಿಮ್ಮ ಹೆಸರಿಗಿರಲಿ, ದುಡ್ಡು ಅಂಗಡಿಗೇ ನೇರವಾಗಿ ಫೋನ್‌ಪೇ ಮಾಡಿ. ಓಡಾಟಕ್ಕೆ ಅವರಿಗೆ ಪ್ರತ್ಯೇಕ ಕೊಟ್ಟರೂ ನಷ್ಟ ಇಲ್ಲ.

ಡೂಪ್ಲಿಕೇಟ್ ಕಾಟ ಇದ್ದೇ ಇದೆ. ವೈರಿನ ಮೇಲೆ ಐಎಸ್‌ಐ ಗುರುತು, ಸೈಜು, ಐಎಸ್ 694 ಅಂತ ಅಚ್ಚಾಗಿರಬೇಕು. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಒಂದು ನಂಬರ್ ಇರುತ್ತೆ. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ, ಲೈಸೆನ್ಸ್ ಯಾವ ಕಂಪನಿಯದ್ದು, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತೆ. ಅಂಗಡಿ ಮುಂದೆ ನಿಂತೇ ನೋಡಬಹುದು.

ಚೌಕಾಸಿ ಮಾಡಿ, ಇವೆರಡರಲ್ಲಿ ಬೇಡ

ಕೂಲಿಯಲ್ಲಿ ನೂರು ಇನ್ನೂರು ಕೇಳಿ ಇಳಿಸಿ. ಸ್ವಿಚ್ಚಿನ ಕಂಪನಿ ಬದಲಾಯಿಸಿ. ಫ್ಯಾನು ಮುಂದಿನ ವರ್ಷ ಹಾಕಿಸಿ. ಆದರೆ ಎರಡನ್ನ ಪಟ್ಟಿಯಿಂದ ತೆಗೀಬೇಡಿ.

ಒಂದು, ಅರ್ಥಿಂಗ್. ಪ್ರತಿ ಸಾಕೆಟ್ಟಿಗೂ ಹಸಿರು ವೈರ್ ಬರಲೇಬೇಕು. ಅರ್ಥ್ ಬದಲು ನ್ಯೂಟ್ರಲ್‌ಗೆ ಸೇರಿಸೋದು, ನಲ್ಲಿ ಪೈಪಿಗೆ ಕಟ್ಟೋದು ಒಪ್ಪಬೇಡಿ. ಬೇಸಿಗೇಲಿ ಗುಂಡಿಗೆ ಆಗಾಗ ನೀರು ಹಾಕಿ.

ಎರಡು, ಆರ್‌ಸಿಸಿಬಿ. "ಎಂಸಿಬಿ ಇದೆಯಲ್ಲ ಸಾಕು" ಅಂತಾರೆ. ಸಾಲಲ್ಲ. ಎಂಸಿಬಿ ಬೀಳೋದು ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ. ಮನುಷ್ಯನಿಗೆ ಶಾಕ್ ಹೊಡೆಯೋ ಕರೆಂಟು ಅದನ್ನ ಬೀಳಿಸೋಕೆ ಸಾಕಾಗಲ್ಲ. ಆರ್‌ಸಿಸಿಬಿ, ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ ನೋಡ್ತಿರುತ್ತೆ. 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರೀಲಿ ಸೋರಿದರೂ ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡುತ್ತೆ. ಇದು ಎರಡು ವರ್ಷದ ಹಿಂದೆಯೇ ಇದ್ದಿದ್ದರೆ ಅಮ್ಮನಿಗೆ ಅಪಾಯ ಕಮ್ಮಿ ಇರ್ತಿತ್ತು.

ದುಡ್ಡು ಯಾವಾಗ ಕೊಡಬೇಕು?

ಕೂಲಿಗೆ ಪೂರ್ತಿ ಅಡ್ವಾನ್ಸ್ ಬೇಡ. ಶುರುವಲ್ಲಿ ಸ್ವಲ್ಪ, ಉಳಿದಿದ್ದು ಕೆಲಸ ಮುಗಿದು ಪರೀಕ್ಷೆ ಆದ ಮೇಲೆ. ಮಧ್ಯದಲ್ಲಿ "ಇದೊಂದು ಜಾಸ್ತಿ ಆಯ್ತು" ಅಂದ್ರೆ, ಮಾಡೋ ಮುಂಚೆ ಎಷ್ಟು ಅಂತ ಮೆಸೇಜಲ್ಲೇ ಹಾಕಿಸಿ. ಪೈಪ್ ಮುಚ್ಚೋ ಮುಂಚೆ, ಗುಂಡಿ ಮುಚ್ಚೋ ಮುಂಚೆ ಫೋಟೋ ತೆಗೆದಿಡಿ. ನಾಳೆ ಗೋಡೆಗೆ ಮೊಳೆ ಹೊಡೆಯೋವಾಗ, ರಿಪೇರಿ ಬಂದಾಗ ಅದೇ ನಕ್ಷೆ. ಉಳಿದ ವೈರ್ ನಿಮ್ಮದು, ಕೇಳಿ ಇಸ್ಕೊಳ್ಳಿ.

ಕೊನೇ ಕಂತು ಕೊಡೋ ಮುಂಚೆ ಅವರ ಎದುರಲ್ಲೇ ಇಷ್ಟು ನೋಡಿ. ಎಲ್ಲ ಲೋಡು ಒಟ್ಟಿಗೆ ಹಾಕಿ ಅರ್ಧ ಗಂಟೆ ಓಡಿಸಿ. ಆಮೇಲೆ ಮೇನ್ ಆಫ್ ಮಾಡಿಸಿ, ವೈರು, ಸಾಕೆಟ್ಟು ಬಿಸಿಯಾಗಿದೆಯಾ ಅಂತ ನೋಡಿಸಿ. ಅರ್ಥಿಂಗ್ ಮೀಟರ್ ಹಾಕಿ ತೋರಿಸಲಿ. ಮತ್ತೆ ಕರೆಂಟ್ ಕೊಟ್ಟು, ಆರ್‌ಸಿಸಿಬಿ ಮೇಲಿರೋ 'ಟಿ' ಗುಂಡಿ ಒತ್ತಿ, ತಕ್ಷಣ ಬೀಳಬೇಕು. ಆ ಗುಂಡಿಯನ್ನ ತಿಂಗಳಿಗೊಂದು ಸಲ ನೀವೇ ಒತ್ತಿ ನೋಡ್ತಿರಿ.

ನಮ್ಮ ಕೊಟ್ಟಿಗೆ ಕೆಲಸ ಎರಡು ದಿನದಲ್ಲಿ ಮುಗೀತು. ಮೆಷಿನ್ನಿನ ಸವೆದ ವೈರನ್ನೂ ಬದಲಾಯಿಸಿದ್ವಿ. ಮೂರನೇ ದಿನ ಸಂಜೆ ಕೆಂಪು ಹಸು ಮೆಷಿನ್ ಹತ್ತಿರ ಬರೋಕೆ ಸ್ವಲ್ಪ ಹೆದರಿತು, ಮೂಸಿ ನೋಡಿತು, ಆಮೇಲೆ ಮೆಲುಕು ಹಾಕ್ತಾ ನಿಂತುಕೊಂಡಿತು. ಅಮ್ಮ ಮಾತ್ರ ಇವತ್ತಿಗೂ ಸ್ವಿಚ್ ಹಾಕೋ ಮುಂಚೆ, "ಮಗಾ, ಆ ಗುಂಡಿ ಒತ್ತಿ ನೋಡಿದ್ಯಾ?" ಅಂತ ಕೇಳ್ತಾಳೆ.

ಇವತ್ತು ಸಂಜೆ ಹಾಲು ಕರೆಯೋ ಮುಂಚೆ ನಿಮ್ಮ ಕೊಟ್ಟಿಗೆ ಬಾಕ್ಸನ್ನೂ ಒಂದ್ಸಲ ನೋಡಿ. 'ಟಿ' ಗುಂಡಿ ಇಲ್ಲ ಅಂದ್ರೆ, ಪಟ್ಟಿ ಬರೆಯೋಕೆ ಇವತ್ತೇ ಕೂತ್ಕೊಳ್ಳಿ.