ತಾಯಿಯ ತೂಕವೂ ಕೂಸಿನ ಮಿದುಳೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲುದಾರಿಯಲ್ಲಿ ತಾಂಡವಪುರವೆಂಬ ಗ್ರಾಮವುಂಟು. ಆ ಸೀಮೆಯಲ್ಲಿಯೂ ನಾಡಿನ ಇತರ ಕಡೆಗಳಲ್ಲಿಯೂ ಬಸುರಿ ಹೆಂಗಸಿಗೆ ಹಿರಿಯರಿಂದ ದೊರೆಯುವ ಬುದ್ಧಿವಾದ ಎರಡು ಬಗೆಯದು. 'ಇಬ್ಬರ ಊಟ ಉಣ್ಣಮ್ಮ' ಎಂಬುದೊಂದು. 'ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತು' ಎಂಬುದಿನ್ನೊಂದು. ಇವುಗಳಲ್ಲಿ ಯಾವುದನ್ನು ಅನುಸರಿಸತಕ್ಕದ್ದೆಂಬುದನ್ನು ಶಿಶುವಿನ ಮಿದುಳಿನ ದೃಷ್ಟಿಯಿಂದ ವಿಚಾರಮಾಡೋಣ.

ಗರ್ಭ ನಿಂತ ನಾಲ್ಕು ವಾರಗಳೊಳಗಾಗಿ ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ಮುಚ್ಚಿಕೊಳ್ಳುವುದು. ತಾನು ಬಸುರಿಯೆಂಬುದೇ ಅನೇಕರಿಗೆ ಆಗ ತಿಳಿದಿರದು. ಕಡೆಯ ಮೂರು ತಿಂಗಳಲ್ಲಿ ಮಿದುಳು ಬಲು ಶೀಘ್ರವಾಗಿ ಬೆಳೆದು, ಹುಟ್ಟುವ ವೇಳೆಗೆ ಸುಮಾರು 350 ಗ್ರಾಂ, ಎಂದರೆ ಪ್ರಾಯದವರ ಮಿದುಳಿನ ಕಾಲುಪಾಲು, ತೂಗುವುದು. ಆಹಾರವು ಸಾಲದೆ ಬಂದಾಗ ಗರ್ಭಸ್ಥ ಶಿಶುವು ರಕ್ತವನ್ನು ಮೊದಲು ಮಿದುಳಿಗೇ ಒದಗಿಸಿಕೊಳ್ಳುತ್ತದೆ. ಆದರೆ ಈ ರಕ್ಷಣೆ ಪೂರ್ಣವಾದುದಲ್ಲ.

ಇದಕ್ಕೆ ನಿದರ್ಶನವನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷೆಗೆ ಬಂದ ಗರ್ಭಿಣಿಯರ ಮಕ್ಕಳನ್ನು ಅಲ್ಲಿಯ ಸಂಶೋಧಕರು ವರ್ಷವರ್ಷವೂ ಅನುಸರಿಸಿ ನೋಡಿದರು. ಒಂಬತ್ತು ಹತ್ತು ವರ್ಷದ ಐನೂರಕ್ಕೂ ಹೆಚ್ಚು ಮಕ್ಕಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ತೂಕವೂ ತಲೆಯ ಸುತ್ತಳತೆಯೂ ಹೆಚ್ಚಿದ್ದ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ತುಸು ಮೇಲಾಗಿದ್ದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವವು ಹೆಚ್ಚಾಗಿದ್ದ ಮಕ್ಕಳದೂ ಹಾಗೆಯೇ. ಅಂತರವು ಅಲ್ಪ, ಮನೆಯ ಸ್ಥಿತಿಗತಿ, ತಂದೆತಾಯಿಗಳ ವಿದ್ಯೆ ಇವುಗಳ ಪ್ರಭಾವವೂ ಬುದ್ಧಿಯ ಮೇಲುಂಟು. ತೂಕವೊಂದೇ ಬುದ್ಧಿಯನ್ನು ನಿಶ್ಚಯಿಸುವುದೆಂದು ಯಾರೂ ಭಾವಿಸಬಾರದು.

ಹಾಗೆಂದು ತೂಕವು ಮಿತಿಮೀರುವುದೂ ಹಿತವಲ್ಲ. ಅತಿಸ್ಥೂಲದೇಹದ ಗರ್ಭಿಣಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮೊದಲಾದ ಅಪಾಯಗಳು ಹೆಚ್ಚು. ಅಂಥವರ ಮಕ್ಕಳ ಮಿದುಳಿನ ಬೆಳವಣಿಗೆಯಲ್ಲಿಯೂ ಸ್ವಲ್ಪ ವ್ಯತ್ಯಾಸವನ್ನು ಹೊರದೇಶಗಳ ಕೆಲವು ಅಧ್ಯಯನಗಳು ಕಂಡಿವೆ.

ಹಾಗಾದರೆ ಎಷ್ಟು ತೂಕ ಏರಬೇಕು? ಸಾಧಾರಣ ಮೈಕಟ್ಟಿನವಳಿಗೆ ಒಟ್ಟು 10-12 ಕಿಲೋಗ್ರಾಂ ಯುಕ್ತ. ಮೊದಲೇ ಬಡಕಲಾದವಳಿಗೆ ಇನ್ನಷ್ಟು ಬೇಕು. ಸ್ಥೂಲಳಿಗೆ ಕಡಮೆ ಸಾಕು. ಈ ಏರಿಕೆಯೆಲ್ಲ ಕೂಸಿನದಲ್ಲ. ಕೂಸಿನ ಪಾಲು ಮೂರು ಕಿಲೋದಷ್ಟು. ಉಳಿದದ್ದು ಮಾಸು, ಗರ್ಭಜಲ, ಹೆಚ್ಚಿದ ರಕ್ತ, ಮುಂದೆ ಹಾಲೂಡಿಸಲು ಕೂಡಿಟ್ಟ ಕೊಬ್ಬು. ಆದುದರಿಂದ ಇಬ್ಬರ ಊಟ ಬೇಕಿಲ್ಲ. ಊಟವನ್ನು ಕುಗ್ಗಿಸುವುದಂತೂ ಸಲ್ಲದು. ದಿನಕ್ಕೆ ಸುಮಾರು 350 ಕ್ಯಾಲೊರಿ, ಎಂದರೆ ಹೆಚ್ಚಿಗೆ ಒಂದು ಸಣ್ಣ ರಾಗಿಮುದ್ದೆಯೂ ಒಂದು ಲೋಟ ಹಾಲೂ ಸಾಕು. ಜತೆಗೆ ಸೊಪ್ಪು, ಕಾಳು, ಒಗ್ಗುವವರಿಗೆ ಮೊಟ್ಟೆ, ಅಯೋಡಿನ್ ಬೆರೆತ ಉಪ್ಪು, ವೈದ್ಯರು ಕೊಡುವ ಕಬ್ಬಿಣಾಂಶದ ಗುಳಿಗೆ ಇರಬೇಕು. ತಿಂಗಳು ತಿಂಗಳು ತೂಗಿಸಿ ತಾಯಿಕಾರ್ಡಿನಲ್ಲಿ ಬರೆಯಿಸತಕ್ಕದ್ದು. ತೂಕವು ಏರದೆ ನಿಂತರೂ, ಒಂದೇ ತಿಂಗಳಲ್ಲಿ ಮೂರು ಕಿಲೋ ಮೀರಿದರೂ ವೈದ್ಯರಿಗೆ ತೋರಿಸತಕ್ಕದ್ದು.

ಕಡೆಯದಾಗಿ ಒಂದು ಮಾತು. ಬಸುರಾದ ದಿನ ಹೆಣ್ಣಿನ ತೂಕವೆಷ್ಟೋ ಅದು ಹಿಂದಿನ ಎಷ್ಟೋ ವರ್ಷಗಳ ಊಟದ ಲೆಕ್ಕ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಸೊಸೆ ಉಣ್ಣುವ ಮನೆಯಲ್ಲಿ ಮೊಮ್ಮಗುವಿನ ಪಾಲನ್ನೂ ನಾವೇ ಮೊದಲು ಉಂಡಂತಾಯಿತು. ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಖರ್ಚಾದರೂ ಏನು?